ಮುಖ್ಯ ಅತಿಥಿಯ ಕೈಗೆ ಬಣ್ಣದ ಬ್ರಶ್ಶು

ಬೇಕರಿಯ ಮುಂದೆ

ಡೆನ್ಮಾರ್ಕಿಗೆ ಹೋಗಿ ಅಪ್ಪಾಸಾಬ ಕಾಕಾ ಮಾಡಿದ ಮೊದಲ ಕೆಲಸವೆಂದರೆ ಒಂದು ಕೂಸಿಗೆ ಕಾವಲು ನಿಂತದ್ದು. ಬೇಕರಿಯ ಹೊರಗೆ ತಳ್ಳುಗಾಡಿಯಲ್ಲಿ ಕೂಸು ಮೂಗಿನ ತನಕ ಹೊದ್ದುಕೊಂಡು ನಿದ್ದೆ ಮಾಡುತ್ತಿತ್ತು. ಸುತ್ತ ಯಾರೂ ಇರಲಿಲ್ಲ.

"ಯಾರೋ ಬಿಟ್ಟ ಹೋಗ್ಯಾರ ಮಾಸ್ತರ," ಎಂದರು ಕಾಕಾ. "ನೀವು ಹೋಗಿ ಪೊಲೀಸರಿಗೆ ಹೇಳ್ರಿ. ನಾ ಇಲ್ಲಿ ನಿಂದರತೀನಿ."

ತಲೆಗೆ ಬಿಳಿ ಪಟಕಾ, ಕೈಯಲ್ಲಿ ಕೊಡೆ. ಕಾಕಾ ನಿಂತ ಗತ್ತಿಗೆ ಹಾದಿಯಲ್ಲಿ ಹೋಗುವವರೆಲ್ಲ ತಿರುಗಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ತಾಯಿ ರೊಟ್ಟಿಯ ಪೊಟ್ಟಣ ಹಿಡಿದು ಹೊರಗೆ ಬಂದಳು, ಕಾಕಾರನ್ನು ನೋಡಿ ನಕ್ಕಳು, ಗಾಡಿ ತಳ್ಳಿಕೊಂಡು ಹೊರಟುಹೋದಳು. ಅಲ್ಲಿ ಕೂಸುಗಳನ್ನು ತಂಪು ಗಾಳಿಗೆ ಹೊರಗೇ ಮಲಗಿಸುವುದು ರೂಢಿ ಎಂದು ನಮಗೆ ಆಮೇಲೆ ತಿಳಿಯಿತು.

"ನಾವು ರಾಯಬಾಗ ಸ್ಟ್ಯಾಂಡಿನ್ಯಾಗ ಸೈಕಲ್ಲ ಸುದ್ಧಾ ಹಿಂಗ ಬಿಡೂದಿಲ್ಲ," ಎಂದರು ಕಾಕಾ.

ಆ ದಿನ ಬಿಸಿಲಿತ್ತು ಎಂದು ನನ್ನ ನೆನಪು. ನಮ್ಮ ಜೊತೆಗಿದ್ದ ಕಾಂಬಳೆ ಡಾಕ್ಟರು ಹನಿಮಳೆ ಬೀಳುತ್ತಿತ್ತು ಎನ್ನುತ್ತಾರೆ. ಕೊಡೆ ಬಿಚ್ಚಿತ್ತೋ ಮುಚ್ಚಿತ್ತೋ ಎಂದು ಈಗ ಎಷ್ಟು ಯೋಚಿಸಿದರೂ ಕಣ್ಣಿಗೆ ಕಟ್ಟುತ್ತಿಲ್ಲ. ಓದುವವರು ಈ ಬರಹದಲ್ಲಿ ಹವಾಮಾನದ ಮಟ್ಟಿಗೆ ನನ್ನನ್ನು ನಂಬದಿರುವುದು ಒಳ್ಳೆಯದು.

ನಾವು ಮೂವರು ಹೋದದ್ದು ಹೈನುಗಾರಿಕೆ ನೋಡಲು. ತೊಂಬತ್ತರ ದಶಕದ ಆರಂಭದ ಒಂದು ಮೇ ತಿಂಗಳು. ಕಾಕಾ ರಾಯಬಾಗದ ಕಡೆಯ ಒಂದು ಊರಿನ ಕಬ್ಬಿನ ಜಮೀನ್ದಾರರು, ನಮ್ಮ ತಂದೆಯ ಗೆಳೆಯರು. ಊರಿನ ಹೆಸರು ಬರೆಯಬೇಡ ಎಂದು ಅವರ ಕಟ್ಟಪ್ಪಣೆ. ಕಾಂಬಳೆಯವರು ಅಥಣಿಯಲ್ಲಿ ದನದ ಡಾಕ್ಟರು. ಚಿಕ್ಕೋಡಿಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ನನಗೆ ಹಸುವಿನ ಯಾವ ಬದಿಯಿಂದ ಹಾಲು ಬರುತ್ತದೆ ಎನ್ನುವುದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ ದುಭಾಷಿಯಾಗಿ ಹೋದೆ.

ಕಾಕಾಗೆ ಹಸುಗಳಿಗಿಂತ ದೊಡ್ಡ ಉದ್ದೇಶವಿತ್ತು. ಅವರ ಊರಿನಲ್ಲಿ ಜಮೀನ್ದಾರರೆಲ್ಲ ಸೇರಿ ಟ್ರಸ್ಟು ಮಾಡಿ ಆ ಜೂನಿನಿಂದ ಇಂಗ್ಲಿಷ್ ಮೀಡಿಯಂ ಶಾಲೆ ತೆರೆಯುವವರಿದ್ದರು. ಕಾಕಾ ಅದರ ಅಧ್ಯಕ್ಷರು. ಸರಕಾರಿ ಶಾಲೆಯಲ್ಲಿ ಒಂದನೆಯ ತರಗತಿ ಮುಗಿಸಿದ್ದ ಅವರ ಮೊಮ್ಮಗಳು ಸುಜಾತಾಳದೇ ಹೊಸ ಶಾಲೆಯ ಮೊದಲ ಹೆಸರಾಗಬೇಕು, ಆಮೇಲೆ ಉಳಿದ ದೊಡ್ಡ ಮನೆಗಳ ಮಕ್ಕಳು. ಕಾಕಾ ಕೂಸನ್ನು ಎಲ್ಲಿ ಹಾಕುತ್ತಾರೋ ಊರು ಅಲ್ಲಿಗೆ ಹೋಗುತ್ತಿತ್ತು. ಸರಕಾರಿ ಶಾಲೆಯಲ್ಲಿ ಉಳಿಯುವವರು ಕಬ್ಬು ಕಡಿಯುವವರ, ದನ ಕಾಯುವವರ ಮಕ್ಕಳು.

"ಫಾರಿನ್ ಸಾಲಿ ಒಂದ ನೋಡಿ ಬರೂಣು," ಎಂದು ಕಾಕಾ ವಿಮಾನದಲ್ಲೇ ಹೇಳಿದ್ದರು. "ಕೊರಳಿನ ಟಾಯ್ ಯಾವ ಬಣ್ಣದ್ದು, ಬೂಟ ಎಂಥಾವು, ಪ್ರಾರ್ಥನಾ ಹೆಂಗ, ಎಲ್ಲಾ ಬರಕೋರಿ."

ಯೆನ್ಸ್ ಮತ್ತು ಪೌಲ್

ನಾವು ಉಳಿದದ್ದು ಯೆನ್ಸ್ ಎಂಬ ರೈತನ ಮನೆಯಲ್ಲಿ. ಸಪಾಟು ನೆಲ, ತಲೆಯ ಮೇಲಿಂದ ತಪ್ಪದೆ ಬೀಸುವ ಗಾಳಿ, ಕಣ್ಣು ಹೋಗುವವರೆಗೂ ಹಳದಿ ಹೂ. ನಮ್ಮ ಸಾಸಿವೆಯ ಬಂಧುವೇ ಇರಬೇಕು. ನಮ್ಮ ಕಡೆಯ ಕಬ್ಬೂರಿನ ಬಯಲಿನಲ್ಲಿ ಕಬ್ಬು ತೆಗೆದು ಅದನ್ನು ಬಿತ್ತಿದರೆ ಹೀಗೇ ಕಾಣುತ್ತದೆ ಎಂದು ಕಾಕಾ ಲೆಕ್ಕ ಹಾಕಿದರು. ಊಟಕ್ಕೆ ಕಪ್ಪು ರೊಟ್ಟಿ, ಅದರ ಮೇಲೆ ಏನಾದರೂ ಒಂದು. ಹಗಲು ಬೆಳಕಿದ್ದರೂ ಮೇಜಿನ ಮೇಲೆ ಮೇಣದ ಬತ್ತಿ ಹಚ್ಚುತ್ತಿದ್ದರು. ಕರೆಂಟು ಹೋಗುವ ಮೊದಲೇ ತಯಾರಿ ಎಂದು ಕಾಕಾ ಮೆಚ್ಚಿಕೊಂಡರು.

ಯೆನ್ಸ್‌ಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವನ ಹಸುಗಳನ್ನು ನೋಡಿಕೊಳ್ಳುವ ಪೌಲ್ ಮೊದಲು ಹಡಗಿನಲ್ಲಿ ದುಡಿದವನು, ಚೆನ್ನಾಗಿ ಮಾತಾಡುತ್ತಿದ್ದ. ಹೀಗಾಗಿ ಮಾಲೀಕನ ಮಾತು ಆಳಿನ ಬಾಯಿಂದ ಇಂಗ್ಲಿಷಿನಲ್ಲಿ ಬಂದು, ನನ್ನ ಬಾಯಿಂದ ಕನ್ನಡವಾಗಿ ಕಾಕಾಗೆ ತಲುಪುತ್ತಿತ್ತು. ಕಾಕಾಗೆ ಇದು ಸರಿ ಬರಲಿಲ್ಲ.

"ನಮ್ಮ ಮಾರುತಿ ನನ್ನ ಮಾತ ಹಿಂಗ ಬ್ಯಾರೇದವ್ರಿಗೆ ಹೇಳಾಕ ಹತ್ತಿದ್ರ ನನ್ನ ಮನಿ ಉಳೀತಿತ್ತ?" ಎಂದರು. ಮಾರುತಿ ಅವರ ಮನೆಯ ಸಾಲಗಡಿ, ಎಂದರೆ ವರ್ಷದ ಕರಾರಿಗೆ ದುಡಿಯುವ ಆಳು. ಅವನ ಮಗಳು ರತ್ನಾ ಸುಜಾತಾಳ ತರಗತಿಯವಳೇ.

"ಉಳೀತಿತ್ರಿ ಕಾಕಾ," ಎಂದರು ಕಾಂಬಳೆ. "ಸತ್ಯ ಹೊರಗ ಬೀಳ್ತಿತ್ತು, ಅಷ್ಟ."

ಮರುದಿನ ಶಾಲೆ ನೋಡಿದೆವು. ಟಾಯ್ ಇಲ್ಲ, ಸಮವಸ್ತ್ರ ಇಲ್ಲ, ಪ್ಯಾಂಟಿನ ಮೊಣಕಾಲು ಹರಿದ ಮಕ್ಕಳು. ಅವರು ಶಿಕ್ಷಕಿಯನ್ನು ಬಿರ್ಗಿಟ್ ಎಂದು ಹೆಸರು ಹಿಡಿದು ಕರೆದಾಗ ಕಾಕಾ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಈ ತರಗತಿಯಲ್ಲಿ ಮೊದಲ ನಂಬರು ಯಾರದು ಎಂದು ಕಾಕಾ ಕೇಳಿಸಿದರು. ಬಿರ್ಗಿಟ್ ತುಸು ಯೋಚಿಸಿ, ಯಾವುದರಲ್ಲಿ ಎಂದು ತಿರುಗಿ ಕೇಳಿದಳು. ಸಣ್ಣ ತರಗತಿಗಳಲ್ಲಿ ಅವರು ಅಂಕ ಕೊಡುವುದಿಲ್ಲವಂತೆ. ಯೆನ್ಸ್‌ನ ಮಗ ಮತ್ತು ಪೌಲ್‌ನ ಮಗಳು ಆರನೆಯ ತರಗತಿಯಲ್ಲಿ ಒಂದೇ ಮೇಜಿಗೆ ಕೂತಿದ್ದರು.

ಹೊರಗೆ ಬಂದ ಮೇಲೆ ಕಾಕಾ ಹೇಳಿದರು: "ಬಡವರ ಸಾಲಿ ತೋರ್ಸ್ಯಾರ ಮಾಸ್ತರ. ದೊಡ್ಡವರದು ಬ್ಯಾರೇ ಕಡೆ ಇರಬೇಕು."

ಕೇಳಿದಾಗ ಪೌಲ್ ಹೌದೆಂದ. ಪಕ್ಕದ ಊರಿನಲ್ಲಿ ಪಾಲಕರೇ ನಡೆಸುವ ಶಾಲೆ ಇದೆ, ಬೇಕಾದವರು ಹೋಗಬಹುದು. ಕಾಕಾರ ಮುಖ ಅರಳಿತು. ನನಗೂ ಒಳಗೊಳಗೆ ಸಮಾಧಾನವಾಯಿತು. ಒಂದೂ ಕಪ್ಪುಚುಕ್ಕೆ ಇಲ್ಲದ ದೇಶಗಳ ಬಗ್ಗೆ ಬರೆದ ಪ್ರವಾಸ ಕಥನಗಳನ್ನು ನಾನು ನಂಬಿದವನಲ್ಲ.

ಶನಿವಾರದ ಆಮಂತ್ರಣ

ಶನಿವಾರ ಶಾಲೆಯಲ್ಲಿ ಪಾಲಕರ ದಿನವಿದೆ, ನೀವೂ ಬನ್ನಿ ಎಂದ ಪೌಲ್. ನಾನು ಅದನ್ನು ಹಾಗೆಯೇ ಹೇಳಿದೆ. ದೂರ ದೇಶದಿಂದ ಬಂದವರನ್ನು ಶಾಲೆಯವರು ಕರೆದರೆ ಏಕೆ ಕರೆಯುತ್ತಾರೆ ಎಂಬುದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. ಕಾಕಾ ಕೇಸರಿ ಪಟಕಾ ಸುತ್ತಿದರು, ಇಸ್ತ್ರಿಯ ಧೋತರ ಉಟ್ಟರು, ಮುಖ್ಯಾಧ್ಯಾಪಕರಿಗೆ ಹೊದಿಸಲು ಊರಿನಿಂದ ತಂದ ಶಾಲನ್ನು ಮಡಚಿ ಹಿಡಿದರು. ಭಾಷಣವೂ ತಯಾರಿತ್ತು. ರಾಯಬಾಗ ತಾಲೂಕಿನ ಯಾವ ಸಮಾರಂಭದಲ್ಲೂ ಕುರ್ಚಿ ತಪ್ಪದ ಮನುಷ್ಯ ಅವರು.

ಶಾಲೆಯ ಅಂಗಳದಲ್ಲಿ ವೇದಿಕೆ ಇರಲಿಲ್ಲ. ಪಾಲಕರೆಲ್ಲ ಹಳೆಯ ಬಟ್ಟೆ ತೊಟ್ಟು ಏಣಿ, ಬಕೆಟ್ಟು, ಗುದ್ದಲಿ ಹಿಡಿದು ನಿಂತಿದ್ದರು. ವರ್ಷಕ್ಕೊಮ್ಮೆ ತಂದೆತಾಯಿಯರೇ ಬಂದು ಶಾಲೆಯ ದುರಸ್ತಿ ಮಾಡುವ ದಿನ ಅದು. ಪೌಲ್ ನಡುವೆ ನಿಂತು ಕೆಲಸ ಹಂಚುತ್ತಿದ್ದ. ಪಾಲಕರು ಆರಿಸಿದ ಆಡಳಿತ ಮಂಡಳಿಗೆ ಅವನೇ ಅಧ್ಯಕ್ಷನಂತೆ. ಬೆಳಿಗ್ಗೆ ಯೆನ್ಸ್‌ನ ಹಸುಗಳ ಸೆಗಣಿ ಬಾಚಿದ್ದವನು ಈಗ ಯೆನ್ಸ್‌ಗೆ ಏಣಿ ತೋರಿಸಿ, ಸೂರಿನ ದೋಣಿಯಲ್ಲಿ ತುಂಬಿದ ಎಲೆ ತೆಗೆ ಎಂದ. ಯೆನ್ಸ್ ಹತ್ತಿದ. ಆಮೇಲೆ ಪೌಲ್ ಕಾಕಾರನ್ನು ಪಟಕಾದಿಂದ ಪಾದದವರೆಗೆ ನೋಡಿ, ತುಸು ಅನುಮಾನಿಸಿ, ಒಂದು ಬ್ರಶ್ಶು ಕೊಟ್ಟ.

"ಇದೇನು?" ಎಂದರು ಕಾಕಾ.

"ಸೈಕಲ್ ನಿಲ್ಲಿಸುವ ಚಪ್ಪರಕ್ಕೆ ಹಸಿರು ಬಣ್ಣ ಬಳಿಯಬೇಕಂತೆ," ಎಂದೆ.

"ಭಾಷಣ?"

"ಅದರ ಬಗ್ಗೆ ಏನೂ ಹೇಳಲಿಲ್ಲ."

ಕಾಂಬಳೆ ನಗು ತಡೆಯಲು ಆಚೆ ತಿರುಗಿದರು. ಕಾಕಾ ಶಾಲನ್ನು ಒಂದು ಸೈಕಲ್ಲಿನ ಹಿಡಿಕೆಗೆ ಹಾಕಿ ಧೋತರ ಎತ್ತಿ ಕಟ್ಟಿದರು. ಕರೆದ ಮನೆಯಲ್ಲಿ ಕೊಟ್ಟದ್ದನ್ನು ಬೇಡ ಎನ್ನುವ ವಂಶವಲ್ಲ ಅವರದು.

ಮೂವರೂ ಬಣ್ಣ ಬಳಿಯುತ್ತಿದ್ದಾಗ ನನ್ನ ಬಾಯಿಂದ ಒಂದು ಮಾತು ಬಂತು. ನಮ್ಮ ಹಳೆಯ ಶಾಲೆಯೂ ಹೀಗೇ ಇತ್ತು, ಗೌಡರ ಮಗ, ತಂಬಾಕಿನ ವಖಾರದ ಹಮಾಲನ ಮಗ ಎಲ್ಲ ಒಂದೇ ಗೋಣಿಪಟ್ಟಿಯ ಮೇಲೆ ಕೂಡುತ್ತಿದ್ದೆವು ಎಂದೆ. ನಾನು, ಕಾಂಬಳೆ ಇಬ್ಬರೂ ನಿಪ್ಪಾಣಿ ಸೀಮೆಯ ಒಂದೇ ಹಳ್ಳಿಯ ಶಾಲೆಯಲ್ಲಿ ಓದಿದವರು. ಅವರು ನನಗಿಂತ ಕೆಳಗಿನ ತರಗತಿ.

"ಪಟ್ಟಿ ಇತ್ರಿ," ಎಂದರು ಕಾಂಬಳೆ, ಬಳಿಯುವುದನ್ನು ನಿಲ್ಲಿಸದೆ. "ನಮ್ಮ ಕೇರಿ ಹುಡುಗೂರ ತನಕ ಬರ್ತಿದ್ದಿಲ್ಲ."

"ಅಂದ್ರ?"

"ಬಾಗಲ ಕಡೆ ನೆಲದ ಮ್ಯಾಲ ಕೂಡ್ತಿದ್ವಿ. ನಿಮಗ ಹೆಂಗ ನೆನಪಿರ್ತದ? ನೀವು ಫಳಿ ಕಡೆ ಮುಖಾ ಮಾಡಿ ಕೂತಿದ್ರಿ. ಹಿಂದ ಕೂತವ್ರಿಗೆ ಎಲ್ಲಾರ ಬೆನ್ನೂ ಕಾಣ್ತಾವು."

ನಾನು ಎಷ್ಟು ಹುಡುಕಿದರೂ ಆ ಬಾಗಿಲು ನೆನಪಿಗೆ ಬರಲಿಲ್ಲ. ಪಟ್ಟಿ ಬಂತು, ಫಳಿ ಎನ್ನುವ ಕರಿಹಲಗೆ ಬಂತು, ಗುರುಗಳ ಕರಿ ಟೊಪ್ಪಿಗೆ ಬಂತು. ವಿಶ್ವವಿದ್ಯಾಲಯದಲ್ಲಿ ಸಮಾನತೆಯ ಮೇಲೆ ಓದಿದ ಪುಸ್ತಕಗಳಿಗೆ ಹೊಂದುವ ಹಾಗೆ ನಾನು ಆ ಶಾಲೆಯನ್ನು ಆಮೇಲೆ ಕಟ್ಟಿಕೊಂಡಿದ್ದೇನೋ ಎಂಬ ಸಂಶಯ ಅಂದು ಹುಟ್ಟಿದ್ದು ಇನ್ನೂ ಹೋಗಿಲ್ಲ.

"ಅದಕ್ಕ ನನ್ನ ಹುಡುಗೂರ್ನ ಇಂಗ್ಲಿಷ್ ಸಾಲಿಗೆ ಹಾಕೀನಿ," ಎಂದರು ಕಾಂಬಳೆ. "ಅಲ್ಲಿ ಎಲ್ಲಾರಿಗೂ ಬೆಂಚ ಐತಿ. ಕಾಕಾನ ಟ್ರಸ್ಟಿನ್ಯಾಗೂ ಬೆಂಚ ಇರ್ತಾವಲ್ರಿ?"

"ಇರ್ತಾವ," ಎಂದರು ಕಾಕಾ. ಬ್ರಶ್ಶು ಡಬ್ಬಿಗೆ ಅದ್ದಿ, "ಆದ್ರ ರತ್ನಾ ಬರೂದಿಲ್ಲಲ್ಲ, ಅಲ್ಲಿ," ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ. ಅವರು ಬಣ್ಣದ ಕಡೆ ನೋಡುತ್ತಿದ್ದರು.

ಕೆಲಸ ಮುಗಿದ ಮೇಲೆ ಮಕ್ಕಳ ಗಿಡ್ಡ ಕುರ್ಚಿಗಳಲ್ಲಿ ಕೂತು ಎಲ್ಲರೂ ಕಾಫಿ ಕುಡಿದರು. ಆಗ ಒಂದು ಪ್ರಶ್ನೆ ಬಂತು. ಆರನೆಯ ತರಗತಿಯಲ್ಲಿ ಗಣಿತದಲ್ಲಿ ಮುಂದಿರುವ ಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂಡಿಸಿ ಕಲಿಸಬೇಕೆಂದು ಯೆನ್ಸ್ ಎದ್ದು ನಿಂತು ಹೇಳಿದ. ಅವನ ಮಗ ಚುರುಕು. ಪೌಲ್ ಒಪ್ಪಲಿಲ್ಲ. ಅವನ ಮಗಳೂ ಚುರುಕೇ, ಆದರೆ ಒಂದೇ ಕೋಣೆ ಇರಲಿ, ಬೇಕಾದರೆ ಇನ್ನೊಬ್ಬ ಶಿಕ್ಷಕರು ಬರಲಿ ಎಂದ. ಯೆನ್ಸ್‌ನ ದನಿ ಏರಿತು, ಕುತ್ತಿಗೆ ಕೆಂಪಾಯಿತು. ಪೌಲ್ ನಡುನಡುವೆ ನಮ್ಮ ಕಡೆ ತಿರುಗಿ, "ಈಗ ನನ್ನನ್ನು ಎತ್ತಿನಂಥ ಮೊಂಡ ಎನ್ನುತ್ತಿದ್ದಾನೆ," ಎಂದು ತನ್ನ ಬೈಗುಳವನ್ನು ತಾನೇ ಅನುವಾದಿಸಿ ಕೊಡುತ್ತಿದ್ದ. ಕೊನೆಗೆ ಕೈ ಎತ್ತಿಸಿದರು. ಯೆನ್ಸ್ ಸೋತ.

ಹೊರಗೆ ಬರುವಾಗ ಕಾಕಾ ಪಿಸುಗುಟ್ಟಿದರು: "ಪೌಲ್ಯಾನ ನೌಕರಿ ಹೋತು. ಮುಂಜಾನೆ ಹಾಲ ಹಿಂಡೂ ಹೊತ್ತಿಗೆ ತೆಗದ ಹಾಕ್ತಾನ ನೋಡ್ರಿ."

ಕೊಟ್ಟಿಗೆ

ಅದನ್ನು ನೋಡಲೆಂದೇ ಕಾಕಾ ಬೆಳಿಗ್ಗೆ ನಮ್ಮನ್ನು ಎಬ್ಬಿಸಿ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಯೆನ್ಸ್, ಪೌಲ್ ಇಬ್ಬರೂ ಹಸುಗಳಿಗೆ ಯಂತ್ರ ಹಚ್ಚುತ್ತಿದ್ದರು. ಮಾತಿಲ್ಲ.

"ನೋಡ್ರಿ, ಮಾತಾಡವಲ್ರು," ಎಂದರು ಕಾಕಾ.

"ಯಂತ್ರದ ಸಪ್ಪಳ ಐತ್ರಿ," ಎಂದರು ಕಾಂಬಳೆ.

ಯಂತ್ರ ನಿಂತ ಕೂಡಲೇ ಯೆನ್ಸ್ ಶುರು ಮಾಡಿದ. ನಿನ್ನೆಯದೇ ಜಗಳ. ಒಬ್ಬ ಹಸುವಿನ ಈ ಕಡೆ, ಇನ್ನೊಬ್ಬ ಆ ಕಡೆ. ಕಾಕಾ ಸ್ವಲ್ಪ ಹೊತ್ತು ಕಾದು ನೋಡಿ ನನ್ನ ತೋಳು ಹಿಡಿದರು. "ಕೇಳ್ರಿ ಮಾಸ್ತರ. ಇವನ್ನ ಯಾಕ ತೆಗದ ಹಾಕವಲ್ಲ?"

ಈ ಪ್ರಶ್ನೆ ಯೆನ್ಸ್‌ಗೆ ತಲುಪಬೇಕಾದರೆ ಪೌಲ್‌ನ ಬಾಯಿಂದಲೇ ಹೋಗಬೇಕಿತ್ತು. ನಾನು ಹಿಂದೆಮುಂದೆ ನೋಡಿದೆ. ಕಾಕಾ ಬಿಡಲಿಲ್ಲ. ಕೇಳಿದೆ. ಪೌಲ್ ನಕ್ಕು, ತನ್ನನ್ನು ಕೆಲಸದಿಂದ ಏಕೆ ತೆಗೆದಿಲ್ಲ ಎಂಬ ಪ್ರಶ್ನೆಯನ್ನು ತನ್ನ ಮಾಲೀಕನಿಗೆ ತಾನೇ ಕೇಳಿದ.

ಯೆನ್ಸ್‌ಗೆ ಅರ್ಥವಾಗಲು ಹೊತ್ತು ಹಿಡಿಯಿತು. ಪೌಲ್ ಹಸುಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾನಲ್ಲ, ಅದಕ್ಕೂ ಶಾಲೆಗೂ ಏನು ಸಂಬಂಧ ಎಂದ. ಹಾಗಾದರೆ ಮಗನನ್ನು ಪಕ್ಕದ ಊರಿನ ಶಾಲೆಗೆ ಏಕೆ ಹಾಕುವುದಿಲ್ಲ ಎಂದು ಕಾಕಾ ಮತ್ತೆ ಕೇಳಿಸಿದರು. ಯೆನ್ಸ್ ಬಕೆಟ್ಟು ಕೆಳಗಿಟ್ಟ. ಹಾಕಬಲ್ಲೆ, ಆದರೆ ಆಮೇಲೆ ಈ ಶಾಲೆಯಲ್ಲಿ ಜಗಳ ಮಾಡಲು ನನ್ನನ್ನು ಯಾರು ಒಳಗೆ ಬಿಡುತ್ತಾರೆ ಎಂದ. ಮುಂದಿನ ಸಲ ಇವನನ್ನು ಸೋಲಿಸಬೇಕಲ್ಲ ಎಂದೂ ಸೇರಿಸಿದ. ಈ ಕೊನೆಯ ಮಾತನ್ನು ಪೌಲ್ ಅನುವಾದಿಸುವಾಗ, ಇದು ಸುಳ್ಳು, ಸೋಲಿಸಲಾರ ಎಂದು ತನ್ನದೂ ಒಂದು ಸೇರಿಸಿದ.

ವಾಪಸು ನಡೆಯುವಾಗ ಕಾಕಾ ಆ ಮಾತಿಗೆ ತಲೆದೂಗುತ್ತ ಬಂದರು. ಕಾಂಬಳೆ ಹೇಳಿದರು: "ಭಾಳ ಖುಷಿ ಆಗಬ್ಯಾಡ್ರಿ ಕಾಕಾ. ಜಾತಿ ಇಲ್ಲದ ಊರಾಗ ಒಂದ ಸಾಲಿ ನಡಸೂದು ಸಸಾರ."

"ಜಗಳ ನಮ್ಮಲ್ಲೂ ಮಾಡ್ತಾರ," ಎಂದರು ಕಾಕಾ. "ಆದ್ರ ಆಳು ಮಾಲಕನ ಜೋಡಿ ಮಾಡೂದಿಲ್ಲ. ಎಲ್ಲಿ ಮಾಡಬೇಕು? ಮಾಡಾಕ ಜಾಗಾ ಎಲ್ಲೈತಿ?"

ರಾಯಬಾಗದ ಕಡೆ

ಮರಳಿದ ಮೇಲೆ, ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವ ಮುಂಚಿನ ಭಾನುವಾರ, ಕಾಕಾ ಸರಕಾರಿ ಶಾಲೆಯಲ್ಲಿ ಡೆನ್ಮಾರ್ಕಿನ ಹಾಗೆ ದುರಸ್ತಿಯ ದಿನ ಇಟ್ಟರು. ಊರಿನ ಎಲ್ಲ ಪಾಲಕರೂ ಬರಬೇಕು ಎಂದು ಡಂಗುರ ಹೊಡೆಸಿದರು. ನಾನು ಚಿಕ್ಕೋಡಿಯಿಂದ ಹೋದೆ, ಕಾಂಬಳೆ ಅಥಣಿಯಿಂದ ಬಂದರು.

ಜಮೀನ್ದಾರರು ಯಾರೂ ಬರುವುದಿಲ್ಲ ಎನ್ನಲಿಲ್ಲ. ಪ್ರತಿಯೊಬ್ಬರೂ ತಮ್ಮ ಪರವಾಗಿ ಒಂದೆರಡು ಆಳುಗಳನ್ನು ಕಳಿಸಿ, ತಾವು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತು, ಅಲ್ಲಿ ಬಳಿ, ಇಲ್ಲಿ ಬಳಿ ಎಂದು ಹೇಳುತ್ತಿದ್ದರು. ಆಳುಗಳ ಜೊತೆ ಅವರ ಹೆಂಡಿರೂ ಬಂದಿದ್ದರು. ಹಸಿರು ಕಲೆಗಳಿದ್ದ ಅದೇ ಧೋತರ ಉಟ್ಟು ಕಾಕಾ ಒಬ್ಬರೇ ಜಮೀನ್ದಾರರ ಪೈಕಿ ಬ್ರಶ್ಶು ಹಿಡಿದಿದ್ದರು.

"ಕಾಕಾ, ಡೆನ್ಮಾರ್ಕ ರಾಯಬಾಗಕ್ಕ ಬಂತಲ್ರಿ," ಎಂದರು ಕಾಂಬಳೆ.

ಚಹಾ ಬಂದಾಗ, ಎಲ್ಲರೂ ಒಳಗೆ ಕೂಡಬೇಕೆಂದು ಕಾಕಾ ಹಟ ಹಿಡಿದರು. ಕುರ್ಚಿಯವರು ಕುರ್ಚಿ ಸಮೇತ ಒಳಗೆ ಬಂದರು, ಉಳಿದವರು ನೆಲಕ್ಕೆ ಕೂತರು. ಯಾರಾದರೂ ಏನಾದರೂ ಕೇಳುವುದಿದ್ದರೆ ಕೇಳ್ರಿ ಎಂದರು ಕಾಕಾ. ಎಲ್ಲರೂ ಚಹಾ ಕುಡಿದರು. ಮುಖ್ಯಾಧ್ಯಾಪಕರು ಆಭಾರ ಮನ್ನಣೆಗೆ ಎದ್ದರು.

ಆಗ ಕಿಟಕಿಯ ಹತ್ತಿರ ಕೂತಿದ್ದ ಮಾರುತಿಯ ಹೆಂಡತಿ ಸುಶೀಲಾ ಕೇಳಿದಳು. "ಸಾವಕಾರ್ರ, ಬಣ್ಣ ಹಚ್ಚೀವ್ರಿ. ಇನ್ನ ಇಲ್ಲಿ ಕೂಡಾವ್ರು ಯಾರ? ನಿಮ್ಮ ಸುಜಾತಾ ಬರ್ತಾಳೇನ್ರಿ?"

"ಸುಮ್ಮಿರ ಬೇ," ಎಂದ ಮಾರುತಿ.

"ಯಾಕ ಸುಮ್ಮಿರ್ಲಿ? ಕೇಳ್ರಿ ಅಂತ ಅವ್ರ ಅಂದಾರ." ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ನಿಮ್ಮ ಮನಿ ಕೂಸು ಇಲ್ಲಿ ಇತ್ತಂದ್ರ ಗುರುಗಳು ದಿನಾ ಬರ್ತಾರ್ರಿ. ಅದು ಹೋದ ಮ್ಯಾಲ ನನ್ನ ರತ್ನಾ ಕೂತಾಳೋ ಎದ್ದಾಳೋ ಯಾರ ಕೇಳ್ತಾರ? ನಾವ ಕೇಳಿದ್ರ ನಡೀತದೇನ್ರಿ?"

ಮುಖ್ಯಾಧ್ಯಾಪಕರು ಕೂತುಬಿಟ್ಟರು. ಕುರ್ಚಿಗಳಲ್ಲಿ ಒಬ್ಬರು ನಕ್ಕರು. ಕಾಕಾರ ಕುತ್ತಿಗೆ ಕೆಂಪಾಯಿತು. ಅವರು ಸಿಟ್ಟಿನ ಮನುಷ್ಯ, ತಮ್ಮ ಆಳಿನ ಹೆಂಡತಿ ಊರೆದುರು ಹೀಗೆ ಕೇಳಿದ್ದನ್ನು ಹಿಂದೆಂದೂ ಕಂಡವರಲ್ಲ. ನಾನು ಮಾರುತಿಯನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ. ಇವನನ್ನು ಏಕೆ ತೆಗೆದುಹಾಕುವುದಿಲ್ಲ ಎಂದು ಕೊಟ್ಟಿಗೆಯಲ್ಲಿ ಕಾಕಾ ಕೇಳಿಸಿದ ಪ್ರಶ್ನೆ ಈಗ ಅವನಿಗೆ ಸಂಬಂಧಿಸಿದ್ದಾಗಿತ್ತು.

"ಬರ್ತಾಳ," ಎಂದರು ಕಾಕಾ.

"ಅಪ್ಪಾಸಾಬ, ಮತ್ತ ಟ್ರಸ್ಟು?" ಎಂದರು ಕುರ್ಚಿಯವರೊಬ್ಬರು. "ನಿನ್ನ ಕೂಸ ಇಲ್ಲಿ ಬಿಟ್ಟು ನಮ್ಮ ಕೂಸುಗಳ್ನ ಅಲ್ಲಿ ಕರೀತೀ ಏನು?"

"ಸಾಲಿ ನಡಸ್ರಿ. ಬ್ಯಾಡ ಅನ್ನಂಗಿಲ್ಲ. ಅಧ್ಯಕ್ಷನ್ನ ಬ್ಯಾರೇದವನ್ನ ಹುಡಿಕ್ಕೋರಿ."

ಕುರ್ಚಿಗಳು ಒಂದೊಂದಾಗಿ ಹೊರಗೆ ಹೋದವು. ಅವುಗಳಲ್ಲಿ ಕೂತವರ ಮಕ್ಕಳಲ್ಲಿ ಹೆಚ್ಚಿನವರು ಆ ವರ್ಷ ಹೊಸ ಶಾಲೆಗೇ ಹೋದರು. ಊರು ಕಾಕಾರ ಹಿಂದೆ ಬರುತ್ತದೆ ಎಂಬ ಲೆಕ್ಕ ಅಷ್ಟರಮಟ್ಟಿಗೆ ತಪ್ಪಿತು.

ಹಾದಿಯಲ್ಲಿ ಕಾಕಾ ನಡಿಗೆ ನಿಧಾನ ಮಾಡಿದರು. "ಮಾಸ್ತರ, ಡಾಕ್ಟರ, ನೀವೂ ಮನೀಗೆ ಬರ್ರಿ. ಸೊಸಿ ಟಾಯ್, ಬೂಟು ಎಲ್ಲಾ ತಂದಿಟ್ಟಾಳ. ಅಕಿಗೆ ಒಂದೀಟ ತಿಳಿಸಿ ಹೇಳ್ರಿ."

"ನಾ ಹೆಂಗ ಹೇಳ್ಲಿ ಕಾಕಾ?" ಎಂದರು ಕಾಂಬಳೆ. "ನನ್ನ ಹುಡುಗೂರೇ ಟಾಯ್ ಕಟ್ಟತಾವು."

ನಾವು ಹೋಗುವಷ್ಟರಲ್ಲಿ ಸುದ್ದಿ ಮನೆ ಮುಟ್ಟಿತ್ತು. ಕಾಕಾರ ಸೊಸೆ ಶೋಭಾ ನಿಪ್ಪಾಣಿಯವಳು, ಮ್ಯಾಟ್ರಿಕ್ ಮುಗಿಸಿದವಳು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ನಾನು ಪ್ರಜಾಪ್ರಭುತ್ವದ ಬಗ್ಗೆ ಏನೋ ಶುರು ಮಾಡಿದೆ. ಏನು ಹೇಳಿದೆ ಎಂದು ನಿಜವಾಗಿಯೂ ನೆನಪಿಲ್ಲ, ಅವಳು ಅದನ್ನು ಕೇಳಿಸಿಕೊಂಡಂತೆಯೂ ಇರಲಿಲ್ಲ.

"ಮಾವಾರ," ಎಂದಳು, ದನಿ ಏರಿಸದೆ. "ಹೊಲದಾಗ ದುಡಿಯಾಕಿ ಕೇಳಿದ್ಲು, ಅಕಿಗೆ ಹೂಂ ಅಂದ್ರಿ. ಚಲೋ ಆತು. ಹಡದಾಕಿ ನಾ. ನನ್ನ ಯಾರ ಕೇಳೀರಿ?"

ಕಾಕಾ ಕಂಬಕ್ಕೆ ಒರಗಿ ಕೂತರು. ಕಾಂಬಳೆ ನೀರು ಕುಡಿದರು.

"ನಿಮ್ಮ ಮಾತ ಹೋಗಬಾರ್ದು. ಕೂಸು ಅಲ್ಲೇ ಹೋಗಲಿ," ಎಂದಳು ಶೋಭಾ. "ಆದ್ರ ಗುರುಗಳು ಬರದಿದ್ದ ದಿನಾ ಕೇಳಾಕ ನೀವು ಹೋಗಂಗಿಲ್ಲ. ನಿಮಗ ಕುರ್ಚಿ ಕೊಡ್ತಾರ, ಚಾ ಕೊಡ್ತಾರ, ನೀವು ಕುಡದ ಬರ್ತೀರಿ. ಇನ್ನ ಮ್ಯಾಲ ಸಾಲೀ ಸಭಾಕ್ಕ ನಾ ಹೋಗ್ತೀನಿ."

ಈ ಮನೆಯ ಸೊಸೆಯಂದಿರು ಊರ ಸಭೆಗೆ ಹೋಗುವ ಪದ್ಧತಿ ಇರಲಿಲ್ಲ. ಕಾಕಾ ಪಟಕಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಅದರ ಅಂಚನ್ನು ಸರಿಮಾಡುತ್ತ ಕೂತರು.

"ಸಭಾ ಯಾವಾಗ ಇಡೂದು?" ಎಂದು ಕೊನೆಗೆ ಸೊಸೆಯನ್ನೇ ಕೇಳಿದರು.

"ಸುಶೀಲಾನ್ನ ಕೇಳಿ ಹೇಳ್ತೀನಿ," ಎಂದಳು.